ಕೆರೆಕಟ್ಟೆಯಲ್ಲಿ ಮಾತ್ರ ಸಾಯುತ್ತಿದ್ದ ಬ್ಯಾಟರಿ

ಕಾರಿನ ಹಾಡಿನ ಪೆಟ್ಟಿಗೆ ಕೆಟ್ಟರೆ ಯಾರ ಜೀವವೂ ಹೋಗುವುದಿಲ್ಲ. ಅದಕ್ಕೇ ಬ್ರೇಕಿನವನಿಗೆ, ಎಂಜಿನ್ನಿನವನಿಗೆ ಸಿಗುವ ಮರ್ಯಾದೆ ನಮ್ಮ ಕಸುಬಿಗೆ ಸಿಕ್ಕಿಲ್ಲ. ನಾನು ಹುಡುಗಿ ನೋಡಲು ಹೋದಾಗ ಮುಂದೆ ನನ್ನ ಮಾವನಾದವರು ಪಕ್ಕದಲ್ಲಿದ್ದವರ ಕಡೆ ಬಗ್ಗಿ, "ಕಾರಲ್ಲಿ ಹಾಡು ಬರೋ ಹಂಗೆ ಮಾಡ್ತಾನಂತೆ. ಅಷ್ಟೇನಾ?" ಎಂದು ಕೇಳಿದ್ದು ನನಗೆ ಚೆನ್ನಾಗಿ ಕೇಳಿಸಿತ್ತು. ಅಷ್ಟೇ ಆಗಿತ್ತು. ಆದರೂ ಹುಡುಗಿ ಕೊಟ್ಟರು, ಅವರ ಹೊಟ್ಟೆ ತಣ್ಣಗಿರಲಿ.

ಈಗ ಕೆಲಸ ಬಿಟ್ಟು ಕೊಪ್ಪದಲ್ಲೇ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬಂದವರು ಆಗಾಗ ಸಿಗುತ್ತಾರೆ. "ವಿಶ್ವಣ್ಣ, ಲ್ಯಾಪ್‌ಟಾಪ್ ಇಲ್ದೆ ಫಾಲ್ಟ್ ಹೆಂಗೆ ಹುಡುಕ್ತಿದ್ರಿ?" ಎನ್ನುತ್ತಾರೆ. ನಾವೇನೋ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದೆವು ಎಂಬಂತೆ ಅವರ ಮುಖ ಇರುತ್ತದೆ. ಅವರಿಗೆ ಬಾಯಲ್ಲಿ ಹೇಳಿದರೆ ಅರ್ಧಕ್ಕೇ ಫೋನು ಬರುತ್ತದೆ, ಎದ್ದು ಹೋಗುತ್ತಾರೆ. ಬರೆದಿಟ್ಟರೆ ಬಿಡುವಾದಾಗ ಓದಿಕೊಂಡಾರು.

ನನಗೆ ಕೆಲಸ ಕಲಿಸಿದ ಯಜಮಾನರು ಜೋಸಣ್ಣ. ಎನ್.ಆರ್. ಪುರದವರು. ಮನೆಯಲ್ಲಿ ಮಲಯಾಳ, ಕೊಪ್ಪದ ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನಾನು ಸೇರಿದ ಹೊಸತರಲ್ಲಿ ಒಂದು ವ್ಯಾನ್ ಬಂತು. ಸ್ಟೀರಿಯೊದಲ್ಲಿ ಹಾಡಿನ ಜೊತೆ ಕರಕರ ಸದ್ದು. ಕೈ ತೋರಿಸುವ ಉಮೇದು ನನಗೆ. ಮುಂದಿನ ಭಾಗವನ್ನೆಲ್ಲ ಬಿಚ್ಚಿ, ಸ್ಕ್ರೂಗಳನ್ನು ಅಕ್ಕಿ ಆರಿಸುವವರ ಹಾಗೆ ಮೊರದಲ್ಲಿ ಹರಡಿಕೊಂಡು ಕೂತಿದ್ದೆ. ಜೋಸಣ್ಣ ಬಂದು ನನ್ನನ್ನು ನೋಡಿದರು, ಮೊರವನ್ನು ನೋಡಿದರು, ಆಮೇಲೆ ವ್ಯಾನಿನವರ ಹತ್ತಿರ ಹೋಗಿ ಕೇಳಿದರು, "ಈ ಸದ್ದು ಯಾವಾಗ ಬರ್ತದೆ?"

"ಹೆಂಡ್ತಿ ಪಕ್ಕ ಕೂತಾಗ ಮಾತ್ರ," ಎಂದರು ಆ ಮನುಷ್ಯ.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಜೋಸಣ್ಣ ನಗಲಿಲ್ಲ. ಎಡಗಡೆ ಸೀಟನ್ನು ಎತ್ತಿದರು. ಸ್ಪೀಕರಿಗೆ ಹೋಗುವ ವೈರು ಸೀಟಿನ ಕಾಲಿನ ಕೆಳಗೆ ಸಿಕ್ಕಿ ಸಿಪ್ಪೆ ಬಿಟ್ಟಿತ್ತು. ಅಲ್ಲಿ ಯಾರು ಕೂತರೂ ಭಾರಕ್ಕೆ ಅದು ಗಾಡಿಯ ತಗಡಿಗೆ ತಾಗುತ್ತಿತ್ತು. ಒಂದು ಅಂಗೈ ಉದ್ದದ ಟೇಪಿನಲ್ಲಿ ಕೆಲಸ ಮುಗಿಯಿತು. ನಾನು ಬಿಚ್ಚಿದ್ದನ್ನು ಕೂಡಿಸಲು ಮಾತ್ರ ಸಂಜೆಯಾಯಿತು. "ಗಾಡಿ ಬಿಚ್ಚೋದು ಆಮೇಲೆ. ಮೊದ್ಲು ಮನುಷ್ಯನ್ನ ಮಾತಾಡ್ಸು," ಎಂದರು ಜೋಸಣ್ಣ. ನನ್ನ ಪೂರ್ತಿ ವಿದ್ಯೆ ಅದೊಂದೇ. ಉಳಿದದ್ದೆಲ್ಲ ನಿಮ್ಮ ಪುಸ್ತಕದಲ್ಲೂ ಇದೆ.

ಆಮೇಲೆ ಕ್ಯಾಸೆಟ್ ಹೋಯಿತು, ಸಿ.ಡಿ. ಬಂತು. ನಮ್ಮ ತಿರುವುಗಳಲ್ಲಿ ಸಿ.ಡಿ. ಹಾರಿ ಹಾರಿ ಹಾಡಿತು. ಅದೂ ಹಳೆಯದಾಗುತ್ತ ಬರುವಾಗ ಸ್ಕ್ರೀನುಗಳು ಬಂದವು. ಹಾಡು, ಫೋನು, ದಾರಿ ತೋರಿಸುವ ನಕ್ಷೆ, ಎಲ್ಲ ಒಂದೇ ಗಾಜಿನೊಳಗೆ. ಬೆರಳು ತಾಗಿದರೆ ಸಾಕು ಏನೋ ಒಂದು ಆಗುತ್ತಿತ್ತು, ಏನು ಎಂಬುದು ಮಾತ್ರ ನಮಗೆ ಗೊತ್ತಾಗುತ್ತಿರಲಿಲ್ಲ. ಜೋಸಣ್ಣನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಇದನ್ನ ಮಾತಾಡ್ಸೋದು ನೀನೇ," ಎಂದು ನನ್ನ ಕಡೆ ತಳ್ಳಿದರು.

ಶೃಂಗೇರಿಯ ಒಬ್ಬರು ಪುರೋಹಿತ ಭಟ್ಟರು ಅಂಥ ಗಾಡಿ ತಂದರು. ದೂರದ ಊರುಗಳಿಗೆ ಪೂಜೆಗೆ ಹೋಗುವವರು, ದಾರಿ ಕೇಳುವುದು ತಪ್ಪಲಿ ಎಂದು ತೆಗೆದುಕೊಂಡಿದ್ದರು. "ವಿಶ್ವ, ಇದು ನನ್ನನ್ನ ಮನೆಯಿಂದ ಹೊರಗೇ ಬಿಡ್ತಿಲ್ಲ ಮಾರಾಯ. ನಾನು ಉಡುಪಿಯಲ್ಲಿದ್ರೂ ಇದು ಶೃಂಗೇರಿಯಲ್ಲೇ ಕೂತಿರ್ತದೆ," ಎಂದರು. ಮೊದಲು ಸರಿಯಿತ್ತಂತೆ. ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಯೋಚಿಸಿ, ಆಯುಧಪೂಜೆ ಆದ ಮೇಲೆ ಎಂದರು. ನಾನು ಮುಂದಿನ ಗಾಜಿನ ಕೆಳಗೆ ಹಾಸಿದ್ದ ಮಖಮಲ್ಲಿನ ಬಟ್ಟೆ ಎತ್ತಿದೆ. ಅಡಿಯಲ್ಲಿ ಅಂಗೈಗಿಂತ ದೊಡ್ಡದೊಂದು ಪೂಜೆಯ ಯಂತ್ರದ ತಾಮ್ರದ ತಗಡು, ಕುಂಕುಮ ಹಚ್ಚಿದ್ದು. ನಕ್ಷೆಗೆ ಆಕಾಶದಿಂದ ಸಿಗ್ನಲ್ ಹಿಡಿಯುವ ಆಂಟೆನಾ ಇರುವುದು ಸರಿಯಾಗಿ ಅದರ ಕೆಳಗೆ. ತಾಮ್ರದ ಮುಚ್ಚಳ ಹಾಕಿದ ಹಾಗಾಗಿತ್ತು.

ದೇವರನ್ನು ಎತ್ತಿ ಎಂದು ಭಟ್ಟರಿಗೆ ಹೇಗೆ ಹೇಳುವುದು? ಸುಮಾರು ಹೊತ್ತು ತಡವರಿಸಿ, ಸ್ವಲ್ಪ ಎಡಕ್ಕೆ ಸರಿಸಬಹುದೇ ಎಂದು ಕೇಳಿದೆ. ಅವರು ಗಟ್ಟಿಯಾಗಿ ನಕ್ಕರು. "ದೇವರಿಗೆ ಎಲ್ಲಿಂದಾದ್ರೂ ಕಾಣ್ತದೆ. ನಿನ್ನ ಉಪಗ್ರಹಕ್ಕೆ ಅಷ್ಟು ದೃಷ್ಟಿ ಇಲ್ಲ ಅನ್ಸ್ತದೆ," ಎಂದು ಕೈ ತೊಳೆದು ಬಂದು ತಾವೇ ಸರಿಸಿದರು. ಮುಂದೆ ಆ ಭಟ್ಟರು ಎಷ್ಟು ಗಿರಾಕಿಗಳನ್ನು ಕಳಿಸಿಕೊಟ್ಟರು ಎಂದರೆ, ಆ ಕಡೆಯ ಗಾಡಿ ಬಂದರೆ ನಾವು ಮೊದಲು ಬಟ್ಟೆ ಎತ್ತಿ ನೋಡುತ್ತಿದ್ದೆವು.

ಇವೆಲ್ಲ ನಗುವ ಕತೆಗಳು. ಕೆರೆಕಟ್ಟೆಯ ಶ್ರೀಕಂಠಗೌಡರ ಗಾಡಿ ಹಾಗಿರಲಿಲ್ಲ.

ಗೌಡರು ಬಹಳ ವರ್ಷ ಹಳೆಯ ಜೀಪು ಓಡಿಸಿಕೊಂಡಿದ್ದವರು. ಕಣ್ಣಿನ ಪೊರೆ ಬಂದ ಮೇಲೆ ಸ್ವಂತ ಓಡಿಸುವುದು ಬಿಟ್ಟು, ದೊಡ್ಡ ಸ್ಕ್ರೀನಿನ ಹೊಸ ಕಾರು ತೆಗೆದುಕೊಂಡು, ಸುಧಾಕರ ಎಂಬ ಡ್ರೈವರನ್ನು ಇಟ್ಟುಕೊಂಡರು. ಸುಧಾಕರ ಎನ್.ಆರ್. ಪುರದ ಕಡೆಯವನು, ಮೂವತ್ತರ ಒಳಗಿನ ವಯಸ್ಸು, ಕಡಿಮೆ ಮಾತು, ಹಾಡಿನ ಹುಚ್ಚು. ಗಾಡಿಯ ಶೆಡ್ಡಿನ ಪಕ್ಕದ ಕೋಣೆಯಲ್ಲೇ ಅವನ ವಾಸ. ಗಾಡಿಯ ತೊಂದರೆ ಇಷ್ಟು: ದಿನವೂ ಓಡಿಸಿದರೆ ಏನೂ ಇಲ್ಲ, ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಸತ್ತಿರುತ್ತಿತ್ತು. ಹೊಸ ಬ್ಯಾಟರಿ ಹಾಕಿಸಿದರು, ಅದೂ ಸತ್ತಿತು. ಬ್ಯಾಟರಿ ಹಾಕಿದವನು, ಗಾಡಿಯಲ್ಲಿ ಏನೂ ದೋಷ ಇಲ್ಲ, ನಿಂತಾಗ ಯಾರೋ ಹಾಡಿನ ಸೆಟ್ ಹಚ್ಚುತ್ತಿರಬೇಕು ಎಂದುಬಿಟ್ಟ. ಆ ಮಾತು ಗೌಡರ ತಲೆಯಲ್ಲಿ ಕೂತಿತು. ಹಾಡಿನ ಹುಚ್ಚಿನವನು, ಶೆಡ್ಡಿನ ಪಕ್ಕದಲ್ಲೇ ಮಲಗುವವನು, ಇನ್ನು ಯಾರು?

ಅವರು ಅದನ್ನು ಮನೆಯೊಳಗೆ ಹೇಳಿ ಸುಮ್ಮನಾಗಲಿಲ್ಲ. ಬಸ್ ನಿಲ್ಲುವ ಕಡೆಯ ಅಂಗಡಿಯಲ್ಲಿ ಊರವರ ಎದುರಿಗೆ ಹೇಳಿದರು. ನಮ್ಮ ಅಂಗಡಿಗೆ ಬಂದಾಗಲೂ ಅವನ ಎದುರಿಗೇ ಹೇಳಿದರು.

"ಜೋಸಣ್ಣ, ಈ ಸ್ಕ್ರೀನ್ ಕಿತ್ತು ಹಾಕಿ. ಇದು ಇಲ್ದಿದ್ರೆ ಇವ ರಾತ್ರಿ ಏನು ಹಚ್ಕೊಂಡು ಮಲಗ್ತಾನೆ ನೋಡುವ."

ಸುಧಾಕರ ಬಾಗಿಲ ಹತ್ತಿರ ನೆಲ ನೋಡಿಕೊಂಡು ನಿಂತಿದ್ದ. ಗೌಡರು ಪೇಟೆ ಕೆಲಸಕ್ಕೆ ಹೋದ ಮೇಲೆ ನನ್ನ ಹತ್ತಿರ ಬಂದ.

"ಅಣ್ಣ, ಕೀಳ್ಬೇಡಿ. ಒಂದ್ಸಲ ಸರಿಯಾಗಿ ನೋಡಿ. ನಾನು ರಾತ್ರಿ ಗಾಡಿ ಬಾಗಿಲು ಸಹ ಮುಟ್ಟಿದವನಲ್ಲ. ಬಸ್ ಸ್ಟಾಪಿಗೆ ಹೋದ್ರೆ 'ನಿನ್ನೆ ಯಾವ ಹಾಡು ಕೇಳ್ದ್ಯಾ' ಅಂತ ನಗಾಡ್ತಾರೆ. ಕೆಲ್ಸ ಹೋದ್ರೆ ಹೋಗ್ಲಿ, ಇನ್ನೊಂದು ಸಿಗ್ತದೆ. ಸುಳ್ಳ ಅನ್ನಿಸ್ಕೊಂಡು ಹೋಗಕ್ಕೆ ಮನಸ್ಸಿಲ್ಲ."

ಗಾಡಿಯನ್ನು ಎರಡು ದಿನ ನಮ್ಮಲ್ಲೇ ಇಟ್ಟುಕೊಂಡೆವು. ಬ್ಯಾಟರಿಯ ವೈರಿನ ಮಧ್ಯೆ ಮೀಟರ್ ಸೇರಿಸಿ, ನಿಂತ ಗಾಡಿ ಎಷ್ಟು ಕರೆಂಟ್ ಕುಡಿಯುತ್ತದೆ ನೋಡುವುದು ಪದ್ಧತಿ. ಈಗಿನ ಗಾಡಿಗಳು ನಿಲ್ಲಿಸಿದ ಕೂಡಲೇ ನಿದ್ದೆ ಹೋಗುವುದಿಲ್ಲ. ಒಂದೊಂದಾಗಿ ಕಣ್ಣು ಮುಚ್ಚುತ್ತವೆ, ಮೀಟರಿನ ಅಂಕಿ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ. ಇದೂ ಚೆನ್ನಾಗಿ ಇಳಿಯಿತು. ಎರಡು ದಿನ ಬಿಟ್ಟು ಕೀ ತಿರುಗಿಸಿದರೆ ಮೊದಲ ಸಲಕ್ಕೇ ಸ್ಟಾರ್ಟ್. ಸುಧಾಕರ ಹತ್ತಿರ ಇಲ್ಲದಾಗ ಬ್ಯಾಟರಿ ಗಟ್ಟಿಯಾಗಿದೆ ಎಂದರೆ ಅರ್ಥವೇನು? ನಮ್ಮ ಪರೀಕ್ಷೆ ಅವನನ್ನು ಬಿಡಿಸುವ ಬದಲು ಇನ್ನಷ್ಟು ಸಿಕ್ಕಿಸಿತ್ತು. ಗೌಡರು ಫೋನಿನಲ್ಲಿ ಅದನ್ನೇ ಹೇಳಿದರು. "ನೋಡಿದ್ರನಾ? ನಾ ಹೇಳ್ಲಿಲ್ವಾ?"

ಮಂಗಳೂರಿನ ಸರ್ವಿಸ್ ಸೆಂಟರಿನಲ್ಲಿ ಶ್ವೇತಾ ಎಂಬ ಎಂಜಿನಿಯರ್ ಹುಡುಗಿ ಇದ್ದಳು. ನಾವು ಅವರ ಕಂಪನಿಯವರೇನಲ್ಲ. ಆದರೂ ಫೋನ್ ಮಾಡಿದಾಗಲೆಲ್ಲ ಬೇಸರವಿಲ್ಲದೆ ಹೇಳಿಕೊಡುತ್ತಿದ್ದಳು. ಸ್ಕ್ರೀನಿನ ವಿಷಯದಲ್ಲಿ ನನಗೆ ಗೊತ್ತಿದ್ದದ್ದರಲ್ಲಿ ಅರ್ಧ ಆ ಹುಡುಗಿ ಕೊಟ್ಟದ್ದು. ನನ್ನ ಅಂಕಿಗಳನ್ನೆಲ್ಲ ಕೇಳಿಕೊಂಡು, "ಸರ್, ನಿಮ್ಮಲ್ಲಿ ಅದು ಸರಿಯಾಗಿ ಮಲಗ್ತಾ ಇದೆ. ಅಲ್ಲಿ ಯಾಕೆ ಮಲಗ್ತಿಲ್ಲ ಅಂತ ಅಲ್ಲೇ ಹೋಗಿ ನೋಡ್ಬೇಕು," ಎಂದಳು. ಜೋಸಣ್ಣನಿಗೆ ಹೇಳಿದೆ. ಅವರು ಎರಡನೇ ಮಾತಾಡಲಿಲ್ಲ. "ಹೋಗು. ಮನೆಯಲ್ಲಿ ಮಾತ್ರ ಕೆಮ್ಮೋ ರೋಗಿನ ಆಸ್ಪತ್ರೆಯಲ್ಲಿ ಇಟ್ಕೊಂಡು ಏನು ಮಾಡ್ತಿ?"

ಗಾಡಿ ಒಯ್ಯಲು ಬಂದ ಸುಧಾಕರನ ಜೊತೆಯಲ್ಲೇ ಹೊರಟೆ. ಕೆರೆಕಟ್ಟೆ ಹತ್ತಿರವಾದಂತೆ ಸ್ಕ್ರೀನಿನ ನಕ್ಷೆಯಲ್ಲಿ ರಸ್ತೆ ಮುಗಿದು ಬರೀ ಹಸಿರು ಉಳಿಯಿತು, ನಡುವೆ ನಮ್ಮ ಬಾಣದ ಗುರುತು ಒಂದೇ. "ಇಲ್ಲಿಂದ ಮುಂದೆ ಇದಕ್ಕೆ ನಾನೇ ದಾರಿ ತೋರ್ಸ್ಬೇಕು," ಎಂದ ಸುಧಾಕರ. ಆ ದಿನ ಅವನು ನಕ್ಕದ್ದು ಅದೊಂದೇ ಸಲ.

ಅಂಗಳದಲ್ಲಿ ಕಾಳುಮೆಣಸು ಹರಡಿತ್ತು. ಅದನ್ನು ಬಳಸಿಕೊಂಡು ಹೋಗಿ ಸುಧಾಕರ ಗಾಡಿಯನ್ನು ಶೆಡ್ಡಿನಲ್ಲಿ ನಿಲ್ಲಿಸಿ, ಬಾಗಿಲು ದೂಡಿ, ಮುಖ ತೊಳೆಯಲು ಹೋದ. ನಾನು ಬಾನೆಟ್ ಎತ್ತಿ ಮೀಟರ್ ಸೇರಿಸಿದೆ. ಗೌಡರ ಹೆಂಡತಿ ಲಲಿತಮ್ಮ ಕಾಫಿ ತಂದುಕೊಟ್ಟರು. ಕೊಪ್ಪದಲ್ಲಿ ಒಂದು ಕಾಫಿ ಕುಡಿಯುವಷ್ಟರಲ್ಲಿ ಅಂಕಿ ಇಳಿದು ನಿಲ್ಲುತ್ತಿತ್ತು. ಇಲ್ಲಿ ಕಾಫಿ ಮುಗಿಯಿತು, ನಾನು ಯಾರ ಮಗ, ಹೆಂಡತಿಯ ತವರು ಎಲ್ಲಿ, ಮಕ್ಕಳೆಷ್ಟು ಎಂಬ ವಿಚಾರಣೆಯೂ ಮುಗಿಯಿತು, ಅಂಕಿ ಮಾತ್ರ ಮೇಲೇ ಇತ್ತು. ಅದೇ ಗಾಡಿ, ಅದೇ ಬ್ಯಾಟರಿ, ಅದೇ ಮೀಟರ್. ಕಿಟಕಿಯಿಂದ ಬಗ್ಗಿ ನೋಡಿದೆ. ಸ್ಕ್ರೀನ್ ಕಪ್ಪಗಿತ್ತು. ಮುಟ್ಟಿದರೆ ಬಿಸಿ. ಮುಖ ಮುಚ್ಚಿಕೊಂಡು ಒಳಗೆ ಎಚ್ಚರವಾಗಿಯೇ ಇತ್ತು. ಕೈ ಹಿಂದಕ್ಕೆ ತೆಗೆಯುವಾಗ ಬೆರಳಿಗೆ ಕೀ ತಾಗಿತು.

"ಸುಧಾಕರ, ಕೀ ಮರ್ತಿದ್ದೀಯಲ್ಲ ಮಾರಾಯ," ಎಂದೆ, ಮುಖ ಒರೆಸಿಕೊಂಡು ಬಂದವನಿಗೆ.

"ಮರ್ತದ್ದಲ್ಲ ಅಣ್ಣ. ಅದು ಅಲ್ಲೇ ಇರದು."

"ಯಾವಾಗ್ಲೂ?"

"ಯಾವಾಗ್ಲೂ. ಬಾಗಿಲಿಗೂ ಲಾಕ್ ಹಾಕದಿಲ್ಲ. ನಾನು ಬರೋಕೆ ಮೊದ್ಲಿಂದ್ಲೂ ಈ ಮನೇಲಿ ಹಂಗೇ."

ಕೀ ಎಳೆದು ಲಾಕ್ ಹಾಕಿದೆ. ಸ್ವಲ್ಪ ಹೊತ್ತಿಗೆ ಅಂಕಿ ಇಳಿಯಿತು. ಕೀ ಮತ್ತೆ ತೂರಿಸಿದೆ, ಏರಿತು. ಕೊಪ್ಪದ ಅಂಗಡಿಯಲ್ಲಿ ನಾವು ಗಾಡಿ ನಿಲ್ಲಿಸಿದಾಗಲೆಲ್ಲ ಅಭ್ಯಾಸಬಲದಿಂದ ಕೀ ತೆಗೆದು ಲಾಕ್ ಹಾಕುತ್ತಿದ್ದೆವು, ಗಾಡಿ ನಿದ್ದೆ ಹೋಗುತ್ತಿತ್ತು. ಇಲ್ಲಿ ಕೀ ಇದ್ದಲ್ಲೇ ಇರುವುದರಿಂದ, ಓಡಿಸುವವನು ಈಗ ಬಂದಾನು ಎಂದು ಸ್ಕ್ರೀನ್ ಹಗಲೂ ರಾತ್ರಿ ಕಾದು ಕೂರುತ್ತಿತ್ತು. ಹಳೆಯ ಜೀಪಿನಲ್ಲಿ ಕಾಯುವಂಥದ್ದು ಏನೂ ಇರಲಿಲ್ಲ, ಹಾಗಾಗಿ ತೊಂದರೆಯೂ ಇರಲಿಲ್ಲ.

ಗೌಡರನ್ನು ಕರೆದು ತೋರಿಸಿದೆ. ಅವರು ನಂಬಲಿಲ್ಲ. ನನ್ನ ಕೈಯಿಂದ ಕೀ ತೆಗೆದುಕೊಂಡು ತಾವೇ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಪ್ರತಿ ಸಲವೂ ಮೀಟರನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಶೆಡ್ಡಿನ ಕಂಬಕ್ಕೆ ಒರಗಿ ನಿಂತುಬಿಟ್ಟರು.

ನನಗೆ ಎಲ್ಲಿಲ್ಲದ ಖುಷಿ. "ಸರಿ ಗೌಡ್ರೆ, ಇನ್ನು ಮೇಲೆ ಕೀ ತೆಗ್ದು ಲಾಕ್ ಹಾಕ್ಬಿಡಿ. ಮುಗೀತು. ಕಾಡಿನ ಬದಿಗೆ ಕಳ್ಳ ಬರಲ್ಲ ಅಂತ ಕೀ ಬಿಟ್ರೆ ಹಿಂಗೇ ಆಗದು," ಎಂದೆ.

"ಅದೊಂದು ಆಗದಿಲ್ಲ," ಎಂದರು ಲಲಿತಮ್ಮ. "ಕಳ್ಳ ಬರಲ್ಲ ಅಂತ ಬಿಡದಲ್ಲ. ಜೀಪು ಇದ್ದಾಗಿನ ಮಾತು. ಇವ್ರು ಕೀ ಜೇಬಲ್ಲಿ ಹಾಕ್ಕೊಂಡು ಬಸ್ಸಲ್ಲಿ ಶೃಂಗೇರಿಗೆ ಹೋಗಿದ್ರು. ಕೆಳಗಿನ ಮನೆ ಪುಟ್ಟಪ್ಪಂಗೆ ಎದೆನೋವು ಬಂತು. ಹೊತ್ಕೊಂಡು ಇಲ್ಲೀವರೆಗೆ ತಂದ್ರು. ಓಡ್ಸಕ್ಕೆ ಬರೋರು ಇಬ್ರು ಇದ್ರು. ಜೀಪು ಇಲ್ಲೇ ನಿಂತಿತ್ತು." ಅವರು ನನ್ನ ಖಾಲಿ ಲೋಟ ಎತ್ತಿಕೊಂಡರು.

"ಅವತ್ತಿಂದ ಈ ಮನೆ ಗಾಡಿ ಕೀ ಜೇಬಿಗೆ ಹೋಗದಿಲ್ಲ," ಎಂದರು ಗೌಡರು. "ಯಾರಿಗೆ ಬೇಕಾದ್ರೂ ತಗಂಡು ಹೋಗ್ಬೋದು. ನನ್ನ ಕೇಳದೂ ಬ್ಯಾಡ."

ಕಳ್ಳನ ಮಾತು ಆಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಎಂಥ ವಿಚಿತ್ರ ನೋಡಿ. ಆ ಮನುಷ್ಯ ಊರಿಗೆಂದು ಮಾಡಿದ್ದ ಒಳ್ಳೆಯ ಕೆಲಸವೇ ಸುಧಾಕರನ ಕುತ್ತಿಗೆಗೆ ಬಂದಿತ್ತು. ಪುಸ್ತಕದಲ್ಲಿ ಬರೆದಿರುವ ಉತ್ತರ ಲಾಕ್ ಹಾಕಿ ಎಂಬುದು. ಆ ಉತ್ತರ ಆ ಅಂಗಳದಲ್ಲಿ ತಪ್ಪು. ಎಳೆಯರಿಗೆ ನಾನು ಒತ್ತಿ ಹೇಳುವುದು ಇದನ್ನೇ: ಗಾಡಿ ಹೇಗೆ ಓಡುತ್ತದೆ ಎಂದು ತಿಳಿದರೆ ಸಾಲದು, ಆ ಮನೆಗೆ ಅದು ಯಾಕೆ ಬೇಕು ಎಂದು ತಿಳಿಯಬೇಕು.

ಅವರ ಮನೆಯ ಫೋನಿನಿಂದ ಶ್ವೇತಾಗೆ ಮತ್ತೆ ಹೇಳಿದೆ. ಅವಳು ತನ್ನ ಹಿರಿಯರನ್ನು ಕೇಳಿ, ತಾನೇ ವಾಪಸ್ ಫೋನ್ ಮಾಡಿದಳು. ಸ್ಕ್ರೀನಿಗೆ ಬ್ಯಾಟರಿಯಿಂದ ನೇರ ಬರುವ ವೈರನ್ನು ಬಿಡಿಸಿ, ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ವೈರಿಗೆ ಸೇರಿಸಬಹುದು. ಆಗ ಕೀ ಎಷ್ಟು ದಿನ ಇದ್ದಲ್ಲೇ ಇದ್ದರೂ ಸ್ಕ್ರೀನ್ ಪೂರಾ ಸತ್ತಿರುತ್ತದೆ. ಆದರೆ ಅದಕ್ಕೆ ನೆನಪು ಉಳಿಯುವುದಿಲ್ಲ. ಗಡಿಯಾರ ಪ್ರತಿ ಸಲ ಹನ್ನೆರಡಕ್ಕೆ ಬರುತ್ತದೆ, ರೇಡಿಯೊ ಸ್ಟೇಷನ್ ಹೊಸದಾಗಿ ಹುಡುಕಬೇಕು, ಸ್ಕ್ರೀನಿನ ವಾರಂಟಿಯೂ ಹೋಗುತ್ತದೆ. ಗೌಡರಿಗೆ ಎಲ್ಲ ಬಿಡಿಸಿ ಹೇಳಿದೆ.

"ಗಂಟೆ ನೋಡಕ್ಕೆ ಕೈಯಲ್ಲಿ ವಾಚಿದೆ. ಹಾಕಿ," ಎಂದರು.

ಕೆಲಸ ಮುಗಿಯುವಾಗ ಕೊನೆಯ ಬಸ್ಸು ಹೋಗಿತ್ತು. ಅಲ್ಲೇ ಉಳಿದೆ. ಊಟಕ್ಕೆ ಕೂತಾಗ ಗೌಡರು ಸುಧಾಕರನ ಜೊತೆ ಒಂದು ಮಾತೂ ಆಡಲಿಲ್ಲ. ಅವನೂ ತಟ್ಟೆಯಿಂದ ತಲೆ ಎತ್ತಲಿಲ್ಲ. ನನಗೆ ಗೌಡರ ಮೇಲೆ ಒಳಗೊಳಗೇ ಸಿಟ್ಟು ಉರಿಯಿತು. ದೂರು ಹೇಳಲು ಅಷ್ಟು ದೊಡ್ಡ ಬಾಯಿ ಇತ್ತು, ತಪ್ಪಾಯಿತು ಎನ್ನಲು ನಾಲಿಗೆ ಹೊರಳುವುದಿಲ್ಲವೇ? ಮನೆಯವರ ಅನ್ನ ಉಂಡು ಅದನ್ನು ಕೇಳಲು ನನಗೂ ಬಾಯಿ ಬರಲಿಲ್ಲ.

ಬೆಳಿಗ್ಗೆ ನಾನು ಮೊದಲ ಬಸ್ಸಿಗೆ ಹೊರಟಾಗ ಗೌಡರು ಅಂಗಿ ಬದಲಿಸಿ ಜಗಲಿಯಲ್ಲಿ ನಿಂತಿದ್ದರು. "ಸುಧಾಕರ, ಗಾಡಿ ತೆಗಿ. ಬಸ್ ಸ್ಟಾಪಿಗೆ," ಎಂದರು. ನಾವು ಹೋಗುವಷ್ಟರಲ್ಲಿ ಬಸ್ಸು ಬಂದು ನಿಂತು, ಜನ ಹತ್ತುತ್ತಿದ್ದರು. ನಾನೂ ಹತ್ತಿ ಕೂತೆ. ಗೌಡರು ಬಂದು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಒಳಗಿನವರಿಗೂ ಅಂಗಡಿಯ ಮುಂದಿನವರಿಗೂ ಕೇಳುವ ಹಾಗೆ ನಿಂತರು.

"ಎಲ್ಲ ಸ್ವಲ್ಪ ಕೇಳಿ. ಈ ಸುಧಾಕರ ರಾತ್ರಿ ಹಾಡು ಹಚ್ಕೊಂಡು ಬ್ಯಾಟರಿ ಖಾಲಿ ಮಾಡ್ತಾನೆ ಅಂತ ನಾನು ಇಲ್ಲೇ ನಿಂತು ಹೇಳಿದ್ದೆ. ಅದು ಸುಳ್ಳು. ಖಾಲಿ ಮಾಡಿದ್ದು ನಾನು ಗಾಡೀಲೇ ಬಿಡ್ಸಿದ ಕೀ. ಇವ ಗಾಡಿ ಬಾಗಿಲೂ ಮುಟ್ಟಿಲ್ಲ."

"ಗೌಡ್ರೆ, ರೈಟ್ ಹೇಳ್ಲಾ? ಲೇಟ್ ಆಗ್ತದೆ," ಎಂದ ಕಂಡಕ್ಟರ್.

"ತಡಿ ಮಾರಾಯ, ನಾನೂ ಲೇಟಾಗೇ ಹೇಳ್ತಿರದು. ಇನ್ನು ಇವನ್ನ ನೋಡಿ ಯಾರಾದ್ರೂ ನಗಾಡಿದ್ರೆ, ನನ್ನ ನೋಡಿ ನಗಾಡಿದ ಲೆಕ್ಕ."

ಅಂಗಡಿಯವನು ಗಾಜಿನ ಡಬ್ಬಿಗಳನ್ನು ಒರೆಸಲು ತೊಡಗಿದ. ಗೌಡರು ಸುಧಾಕರನ ಕಡೆ ತಿರುಗಿದರು. "ತಪ್ಪಾತು ನಂದು. ಎಲ್ಲಾರೂ ಕೇಳಿದ್ರು. ಇನ್ನು ಯಾರಿಗಾದ್ರೂ ಹೇಳ್ಬೇಕನಾ?"

ಸುಧಾಕರ ಗಾಡಿಗೆ ಒರಗಿ ನಿಂತಿದ್ದವನು ನೆಟ್ಟಗಾದ. "ನಮ್ಮಮ್ಮಂಗೆ ಹೇಳಿ ಗೌಡ್ರೆ. ಯಾರೋ ಊರಿಗೆ ಹೋಗಿ ಅವಳ ಕಿವಿಗೂ ಹಾಕಿದಾರೆ. ನಾನು ಹೇಳಿದ್ರೆ ಮಗ ಅಂತ ನಂಬ್ತಾಳೆ. ನೀವು ಹೇಳಿದ್ರೆ ನಿಜ ಅಂತ ನಂಬ್ತಾಳೆ."

ಗೌಡರು ಬಸ್ಸಿನ ಮೆಟ್ಟಿಲಿನಿಂದ ಕಾಲು ಕೆಳಗಿಟ್ಟರು. ಆಮೇಲೆ ನನ್ನ ಕಿಟಕಿಯ ಕಡೆ ನೋಡಿ, "ವಿಶ್ವಣ್ಣ, ಇಳೀರಿ. ನಾವೂ ಆ ಕಡೆಗೇ. ಕೊಪ್ಪದಲ್ಲಿ ಬಿಡ್ತೀವಿ," ಎಂದು, ಕಂಡಕ್ಟರಿಗೆ ತಾವೇ "ರೈಟ್" ಹೇಳಿದರು.

ಸುಧಾಕರನ ಅಮ್ಮ ಇರುವ ಎನ್.ಆರ್. ಪುರದವರೆಗೆ, ಹೇಳಲಿಕ್ಕಿದ್ದ ಒಂದೇ ಒಂದು ಮಾತಿಗಾಗಿ ಆ ವಯಸ್ಸಿನ ಮನುಷ್ಯ ಹೊರಟರು. ಅವರು ಮುಂದಿನ ಸೀಟಿನಲ್ಲಿ, ನಾನು ಟೂಲ್ಸ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ. ನನಗೆ ಕಣ್ಣು ತುಂಬಿ ಬಂತು. ಸಂಬಳ ಹೆಚ್ಚಾದ ದಿನ, ನನ್ನ ಹೆಸರಿಗೆ ಅಂಗಡಿಯಾದ ದಿನ ಯಾವುದೂ ನನಗೆ ಹಾಗೆ ಅನ್ನಿಸಲಿಲ್ಲ. ಆವತ್ತು ಮಾತ್ರ ಈ ಕೆಲಸ ಕೊಟ್ಟ ಜೋಸಣ್ಣನಿಗೆ, ಮಂಗಳೂರಿನ ಆ ಹುಡುಗಿಗೆ, ಯಾವ ಪುಣ್ಯದಿಂದಲೋ ಬೆರಳಿಗೆ ತಾಗಿದ ಆ ಕೀಗೆ ಕೈ ಮುಗಿಯಬೇಕು ಅನ್ನಿಸಿತು.

ಶೃಂಗೇರಿ ದಾಟಿದ ಮೇಲೆ ಗೌಡರು ಸ್ಕ್ರೀನನ್ನೇ ನೋಡುತ್ತ, "ಎಂತಕ್ಕೆ ಇದು ಸುಮ್ನೆ ಇದೆ? ಹಚ್ಚು ಮಾರಾಯ ಒಂದು ಹಾಡು," ಎಂದರು. ಸುಧಾಕರ ರಸ್ತೆಯಿಂದ ಕಣ್ಣು ತೆಗೆಯದೆ ಎಡಗೈ ಚಾಚಿ ಸ್ಟೇಷನ್ ಹುಡುಕತೊಡಗಿದ.